ಮುತ್ತಜ್ಜನ ಪದಕ ಮಾರುವ ಮುನ್ನ

ಮೈಸೂರಿನಿಂದ ನಂಜನಗೂಡಿಗೆ ಹೋಗುವ ರಸ್ತೆಯಲ್ಲಿ ಮಂಡಕಳ್ಳಿ ಇದೆ. 1940ರಲ್ಲಿ ಮೈಸೂರು ಸಂಸ್ಥಾನದವರು ಇಲ್ಲಿ ವಿಮಾನ ನಿಲ್ದಾಣ ಕಟ್ಟಿಸಿದರು. ಊರ ಹೆಸರು ಹೇಳಿದರೆ ಜನಕ್ಕೆ ಇಂದಿಗೂ ಮೊದಲು ನೆನಪಾಗುವುದು ವಿಮಾನವೇ. ಆದರೆ ಅದಕ್ಕೂ ಒಂದು ತಲೆಮಾರು ಹಿಂದೆ ಸಂಸ್ಥಾನದ ಸಿಪಾಯಿಗಳು ಹಡಗು ಹತ್ತಿ, ಕುದುರೆಗಳ ಸಮೇತ ಪರದೇಶದ ಯುದ್ಧಕ್ಕೆ ಹೋಗಿದ್ದರು. ಅಂಥವರ ಮನೆಗಳಲ್ಲಿ ಈಗ ಕೇಳಿಬರುವುದು ಒಂದೇ ಮಾತು: "ನಮ್ಮ ಮುತ್ತಜ್ಜ ಮಹಾರಾಜರ ದಂಡಿನಲ್ಲಿದ್ದರಂತೆ, ಸಮುದ್ರ ದಾಟಿ ಹೋಗಿದ್ದರಂತೆ." ಆ "ಅಂತೆ"ಯ ಹಿಂದಿನ ನಿಜ ಸಂಗತಿ ತಿಳಿಯಲು ಸಾಧ್ಯವಿದೆ.

ಹೈಫಾ ಕಾಳಗ

ಮೊದಲನೆಯ ಮಹಾಯುದ್ಧ 1914ರಲ್ಲಿ ಆರಂಭವಾಯಿತು. ಆಗ ಮೈಸೂರನ್ನು ಆಳುತ್ತಿದ್ದವರು ನಾಲ್ವಡಿ ಕೃಷ್ಣರಾಜ ಒಡೆಯರು. ಸಂಸ್ಥಾನದ ಅಶ್ವದಳವಾದ ಮೈಸೂರು ಲ್ಯಾನ್ಸರ್ಸ್ ಅದೇ ವರ್ಷ ಈಜಿಪ್ಟಿಗೆ ಹೊರಟಿತು. ಹೈದರಾಬಾದ್ ಮತ್ತು ಜೋಧಪುರದ ಸವಾರರೂ ಇದೇ ಬ್ರಿಗೇಡಿನಲ್ಲಿದ್ದರು. ಸೂಯೆಜ್ ಕಾಲುವೆಯನ್ನು ಕಾಯುವುದು ಅವರ ಮೊದಲ ಕೆಲಸ. ಆಮೇಲೆ ಪ್ಯಾಲೆಸ್ಟೈನ್ ನೆಲದಲ್ಲಿ ತುರ್ಕರ ಎದುರು ಹೋರಾಟ.

1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣದ ಕಾಳಗ ನಡೆಯಿತು. ದಾರಿಯ ಒಂದು ಪಕ್ಕಕ್ಕೆ ಕಾರ್ಮೆಲ್ ಬೆಟ್ಟ, ಇನ್ನೊಂದು ಪಕ್ಕಕ್ಕೆ ಕಿಶೋನ್ ಹೊಳೆ. ಹೊಳೆಯ ದಡದಲ್ಲಿ ಕುದುರೆಯ ಕಾಲು ಹೂತುಹೋಗುವಂಥ ಕುಸಿಮಣ್ಣು. ಬೆಟ್ಟದ ಮೇಲೆ ಶತ್ರುವಿನ ಫಿರಂಗಿಗಳು. ಮೈಸೂರಿನ ಒಂದು ತುಕಡಿ ಕಡಿದಾದ ಬೆಟ್ಟವನ್ನೇರಿ ಫಿರಂಗಿಗಳ ಮೇಲೆ ಬಿದ್ದಿತು. ಜೋಧಪುರದವರು ಕೆಳಗಿನ ದಾರಿಯಿಂದ ಪಟ್ಟಣಕ್ಕೆ ನುಗ್ಗಿದರು. ಸಂಜೆಯೊಳಗೆ ಹೈಫಾ ಕೈವಶವಾಯಿತು. ಸೆರೆಸಿಕ್ಕ ಶತ್ರುಗಳು 1,300ಕ್ಕೂ ಹೆಚ್ಚು.

ನಮ್ಮವರ ಕಡೆ 8 ಮಂದಿ ಸತ್ತರು, 34 ಮಂದಿ ಗಾಯಗೊಂಡರು. ಕುದುರೆಗಳಲ್ಲಿ ಸತ್ತವು 60, ಗಾಯಗೊಂಡವು 83. ಎತ್ತು ಸಾಕಿದವರಿಗೆ ಈ ಲೆಕ್ಕದ ನೋವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮತ್ತೆ ಅಕ್ಟೋಬರ್ 26ರಂದು ಸಿರಿಯಾದ ಅಲೆಪ್ಪೊ ಬಳಿ, ಹರಿತಾನ್ ಎಂಬಲ್ಲಿ ಮೈಸೂರು ಮತ್ತು ಜೋಧಪುರದ ಸವಾರರು ಕಾದಾಡಿದರು. ಅದಾದ ನಾಲ್ಕೇ ದಿನಕ್ಕೆ ತುರ್ಕರೊಂದಿಗೆ ಕದನವಿರಾಮಕ್ಕೆ ಸಹಿ ಬಿತ್ತು.

ಊರಿಗೆ ಮರಳಿದವರು

ದಳದ ಹೆಸರು ಉಳಿದಿದೆ. ದೆಹಲಿಯ ತೀನ್ ಮೂರ್ತಿಯಲ್ಲಿ 1922ರಲ್ಲಿ ನಿಲ್ಲಿಸಿದ ಮೂರು ವಿಗ್ರಹಗಳು ಈ ಮೂರು ಸಂಸ್ಥಾನಗಳ ಸವಾರರ ನೆನಪಿಗೆಂದೇ ಆದವು. 2018ರಲ್ಲಿ ಆ ವೃತ್ತದ ಹೆಸರಿಗೆ ಹೈಫಾ ಎಂಬುದೂ ಸೇರಿತು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ. 1953ರಲ್ಲಿ ಸಂಸ್ಥಾನಗಳ ಅಶ್ವದಳಗಳನ್ನು ಸೇರಿಸಿ ಭಾರತ ಸೇನೆಯ 61ನೇ ಅಶ್ವದಳವನ್ನು ಕಟ್ಟಲಾಯಿತು.

ಆದರೆ ಬದುಕಿ ಬಂದು ಮತ್ತೆ ನೇಗಿಲು ಹಿಡಿದ ಸಾಮಾನ್ಯ ಸವಾರನಿಗೆ ವಿಗ್ರಹವಿಲ್ಲ. ಅವನ ಗುರುತು ಉಳಿದಿದ್ದರೆ ಮನೆಯ ಪೆಟ್ಟಿಗೆಯಲ್ಲಿ ಮಾತ್ರ.

ಪದಕ ಓದುವ ಬಗೆ

ಆ ಯುದ್ಧದ ಬೆಳ್ಳಿ ಪದಕದಲ್ಲಿ ಒಂದು ಕಡೆ ದೊರೆ ಐದನೆಯ ಜಾರ್ಜ್ ಮುಖ, ಇನ್ನೊಂದು ಕಡೆ ಕುದುರೆ ಸವಾರ ಹಾಗೂ 1914, 1918 ಎಂಬ ಇಸವಿಗಳು. ಮುಖ್ಯವಾದದ್ದು ಅದರ ಅಂಚು. ಅಲ್ಲಿ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಸಿಪಾಯಿಯ ನಂಬರು, ದರ್ಜೆ, ಹೆಸರು, ದಳ ಒತ್ತಿರುತ್ತದೆ. ದಂಡಿನ ಜೊತೆ ಚಾಕರಿಗೆ ಹೋದವರಿಗೆ ಇದೇ ಪದಕವನ್ನು ಕಂಚಿನಲ್ಲಿ ಕೊಟ್ಟದ್ದುಂಟು. ನಕ್ಷತ್ರದ ಆಕಾರದ ಕಂಚಿನ ಪದಕವಿದ್ದು ಅದರ ಮೇಲೆ 1914-15 ಎಂದಿದ್ದರೆ, ಆ ಮನುಷ್ಯ ಯುದ್ಧದ ಮೊದಲ ಎರಡು ವರ್ಷಗಳೊಳಗೇ ರಣರಂಗಕ್ಕೆ ಹೋಗಿದ್ದನೆಂದು ತಿಳಿಯಬೇಕು. ಅದರಲ್ಲಿ ಹೆಸರು ಹಿಂಬದಿಯಲ್ಲಿರುತ್ತದೆ.

ಹುಣಸೆಹಣ್ಣು, ಬೂದಿ ಹಾಕಿ ಪದಕವನ್ನು ತಿಕ್ಕಬಾರದು, ಅಕ್ಷರ ಸವೆದುಹೋಗುತ್ತದೆ. ಒಣಬಟ್ಟೆಯಲ್ಲಿ ಒರೆಸಿದರೆ ಸಾಕು. ಇಂಗ್ಲಿಷ್ ಬಲ್ಲವರಿಂದ ಅಂಚನ್ನು ಓದಿಸಿ ಬರೆದಿಡಿ. ಬಿಡುಗಡೆ ಚೀಟಿ, ಪಿಂಚಣಿ ಕಾಗದವಿದ್ದರೆ ನಕಲು ತೆಗೆಸಿ. ಮನೆಯ ಹಿರಿಯರನ್ನು ಕೇಳಿ: ಅವರು ಯಾವಾಗ ಮರಳಿದರು? ಜಮೀನು ಯಾರ ಹೆಸರಿನಲ್ಲಿತ್ತು? ಇಷ್ಟು ಕೈಯಲ್ಲಿದ್ದರೆ ರಾಜ್ಯ ಪತ್ರಾಗಾರದಲ್ಲಿ ಸಂಸ್ಥಾನದ ಕಡತ ಕೇಳುವುದಕ್ಕೆ ಒಂದು ಹಿಡಿ ಸಿಕ್ಕಂತೆ.

ಕಷ್ಟಕಾಲದಲ್ಲಿ ಪದಕ ಅಕ್ಕಸಾಲಿಗನ ಮೂಸೆ ಸೇರುವುದುಂಟು. ಅದರಿಂದ ಸಿಗುವುದು ಕೆಲವೇ ತೊಲ ಬೆಳ್ಳಿಯ ಬೆಲೆ. ಕರಗಿದ ಬೆಳ್ಳಿಯನ್ನು ಮುಂದೆ ಕೊಳ್ಳಬಹುದು. ಅಂಚಿನ ಮೇಲಿದ್ದ ಹೆಸರನ್ನು ಕೊಳ್ಳಲಾಗದು. ಮಾರಲೇಬೇಕಾದ ಪರಿಸ್ಥಿತಿ ಬಂದರೂ ಮೊದಲು ಆ ಒಂದು ಸಾಲನ್ನು ಬರೆದುಕೊಂಡು, ಒಂದು ಪ್ರತಿಯನ್ನು ಊರಿನ ವಾಚನಾಲಯದಲ್ಲಿ ಇಡಿಸಿ.