ಹೆಬ್ಬೆಟ್ಟಿನ ಗುರುತು: ಹೆಸರೋ, ಬೀಗದ ಕೈಯೋ?

“ಮುಚ್ಚಿಡತಕ್ಕದ್ದು ನಮ್ಮಲ್ಲಿ ಏನಿದೆ?” ಮೊಬೈಲು, ಆಧಾರ್, ಬ್ಯಾಂಕಿನ ಖಾತೆ ಇವುಗಳ ಪ್ರಸ್ತಾಪ ಬಂದಾಗಲೆಲ್ಲ ಕೊಡಗಿನಲ್ಲಿಯೂ, ಉಳಿದೆಡೆಗಳಂತೆಯೇ, ಈ ಮಾತು ಕೇಳಿಬರುತ್ತದೆ. ತರಗತಿಯಲ್ಲಿ ಖಾಸಗಿತನದ ವಿಷಯವನ್ನೆತ್ತಿದರೆ ವಿದ್ಯಾರ್ಥಿಗಳೂ ಅನೇಕ ವೇಳೆ ಇದನ್ನೇ ಹೇಳುತ್ತಾರೆ. ಇದನ್ನು ಅಜ್ಞಾನವೆಂದು ತಳ್ಳಿಹಾಕುವುದು ಉಚಿತವಲ್ಲ. ಇದರ ಹಿಂದೆ ಒಂದು ಜೀವನಕ್ರಮವಿದೆ. ಐನ್‌ಮನೆಯನ್ನು ಕೇಂದ್ರವಾಗಿ ಉಳ್ಳ ಒಕ್ಕದ ಬಾಳಿನಲ್ಲಿ ಒಬ್ಬನ ಸಾಲ, ರೋಗ, ಮದುವೆಯ ಮಾತುಕತೆ ಯಾವುದೂ ಇನ್ನೊಬ್ಬನಿಗೆ ತಿಳಿಯದೆ ಉಳಿಯುತ್ತಿರಲಿಲ್ಲ. ತೋಟಗಳ ಲೈನ್ ಮನೆಗಳಲ್ಲಿಯೂ ಒಂದು ಗೋಡೆಯ ಆಚೆಗೆ ನೆರೆಯವರ ಸಂಸಾರವೇ ಇರುತ್ತದೆ. ಆದರೆ ಅಲ್ಲಿನ ತಿಳಿವು ಪರಸ್ಪರವಾದುದು. ನನ್ನನ್ನು ಬಲ್ಲವನನ್ನು ನಾನೂ ಬಲ್ಲೆ. ಅವನು ಆ ತಿಳಿವನ್ನು ಕೆಟ್ಟದ್ದಕ್ಕೆ ಬಳಸಿದರೆ ಹಿರಿಯರ ಮುಂದೆ ನಿಲ್ಲಿಸಿ ಕೇಳಬಲ್ಲೆ. ನಾವು ಎಂದಿಗೂ ಕಾಣಲಾರದವನೊಬ್ಬನು ನಮ್ಮನ್ನು ಬಲ್ಲವನಾಗುವುದು ಬೇರೆಯದೇ ಆದ ಸಂಗತಿ. ಈ ಎರಡರ ಅಂತರವನ್ನು ಒಂದೇ ಒಂದು ವಸ್ತುವಿನ ಮೂಲಕ, ಎಂದರೆ ಹೆಬ್ಬೆಟ್ಟಿನ ಗುರುತಿನ ಮೂಲಕ, ಇಲ್ಲಿ ಪರಿಶೀಲಿಸಲು ನಾವು ಉದ್ದೇಶಿಸಿದ್ದೇವೆ.

ಬೆರಳಚ್ಚಿನ ಆಡಳಿತ ಬಳಕೆಯ ಚರಿತ್ರೆಗೆ ನಮ್ಮ ದೇಶದೊಡನೆ ನಿಕಟ ಸಂಬಂಧವಿದೆ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿ, ರಸ್ತೆಯ ಕೆಲಸಕ್ಕೆ ಸಾಮಗ್ರಿ ಒದಗಿಸಲು ಒಪ್ಪಿದ್ದ ರಾಜ್ಯಧರ ಕೊನಾಯಿ ಎಂಬ ಗುತ್ತಿಗೆದಾರನಿಂದ ಕರಾರುಪತ್ರದ ಮೇಲೆ ಅಂಗೈಯ ಮುದ್ರೆಯನ್ನು ಒತ್ತಿಸಿಕೊಂಡನು. ಮುಂದೆ ಆತನು ತನ್ನ ರುಜುವನ್ನು ಅಲ್ಲಗಳೆಯಬಾರದೆಂಬುದೇ ಇದರ ಉದ್ದೇಶವಾಗಿತ್ತು. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಕಾರ್ಯಾಲಯವು ಸ್ಥಾಪಿತವಾಯಿತು. ಬೆರಳಚ್ಚುಗಳನ್ನು ವರ್ಗೀಕರಿಸುವ ಕ್ರಮವು ಎಡ್ವರ್ಡ್ ಹೆನ್ರಿಯ ಹೆಸರಿನಲ್ಲಿ ಪ್ರಸಿದ್ಧವಾದರೂ, ಅದರ ಹಿಂದಿನ ಪರಿಶ್ರಮದಲ್ಲಿ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಇವರ ಪಾಲು ದೊಡ್ಡದು. ಆ ಹೆಸರುಗಳನ್ನು ನಮ್ಮ ಪಠ್ಯಗಳು ನೆನೆಯುವುದು ವಿರಳ. 1908ರ ನೋಂದಣಿ ಕಾಯಿದೆಗೆ 2001ರಲ್ಲಿ ಸೇರಿಸಿದ ತಿದ್ದುಪಡಿಯಂತೆ, ನೋಂದಣಿಗೆ ಪತ್ರವನ್ನು ಹಾಜರುಪಡಿಸುವವರು ಭಾವಚಿತ್ರವನ್ನೂ ಬೆರಳಚ್ಚನ್ನೂ ಅಂಟಿಸಬೇಕಾಯಿತು.

ಇಷ್ಟರವರೆಗೆ ಬೆರಳಚ್ಚಿನ ಕೆಲಸವು ಹೆಸರಿನ ಕೆಲಸವೇ. ಹೆಸರನ್ನು ಹತ್ತು ಜನ ತಿಳಿದರೆ ನಷ್ಟವಿಲ್ಲ. ಸಾಕ್ಷಿಗೆ ನಿಂತ ಗುರುತು ಬಹಿರಂಗವಾಗಿದ್ದಷ್ಟೂ ಒಳ್ಳೆಯದು. ಆದುದರಿಂದಲೇ ಸ್ಥಿರಾಸ್ತಿಯ ಕ್ರಯಪತ್ರದ ನಕಲನ್ನು ಶುಲ್ಕ ತೆತ್ತು ಯಾರು ಬೇಕಾದರೂ ಪಡೆಯಲು ಕಾಯಿದೆಯು ಅವಕಾಶವಿತ್ತಿದೆ. ಭೂಮಿಯನ್ನು ಕೊಳ್ಳುವವನು ಮೋಸ ಹೋಗಬಾರದೆಂಬ ಈ ನಿಯಮ ಸಾಧುವಾದುದೇ ಆಗಿದೆ.

ಪರಿಸ್ಥಿತಿ ಬದಲಾದುದು ಅದೇ ಗುರುತನ್ನು ಹಣದ ಪೆಟ್ಟಿಗೆಯ ಬೀಗದ ಕೈಯನ್ನಾಗಿ ಮಾಡಿದಾಗ. ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಲ್ಲಿ ಗ್ರಾಮದ ಬ್ಯಾಂಕ್ ಮಿತ್ರರ ಬಳಿ ಹೋಗಿ ಬ್ಯಾಂಕಿನ ಹೆಸರನ್ನೂ ಆಧಾರ್ ಸಂಖ್ಯೆಯನ್ನೂ ತಿಳಿಸಿ, ಚಿಕ್ಕ ಯಂತ್ರದ ಮೇಲೆ ಬೆರಳಿಟ್ಟರೆ ಹಣ ದೊರೆಯುತ್ತದೆ. ಕಾರ್ಡು ಬೇಡ, ಗುಪ್ತಸಂಖ್ಯೆ ಬೇಡ, ಮೊಬೈಲಿಗೆ ಬರುವ ಓಟಿಪಿ ಬೇಡ. ಬ್ಯಾಂಕಿನ ಶಾಖೆಯಿಂದ ಹತ್ತಾರು ಮೈಲಿ ದೂರದಲ್ಲಿರುವ ವೃದ್ಧರಿಗೆ ಇದು ಮಹೋಪಕಾರವೆಂಬುದನ್ನು ನಾವು ಮರೆಯಲಾಗದು. ಆದರೆ ಬೀಗದ ಕೈಯ ಅಚ್ಚು ಅದಾಗಲೇ ಎಲ್ಲರಿಗೂ ದೊರೆಯುವ ಪತ್ರದ ಮೇಲೆ ಬಿದ್ದಿತ್ತು.

ಇದರ ಫಲವು 2023ರಲ್ಲಿ ನಮ್ಮ ನೆರೆಯ ಮಂಗಳೂರಿನಲ್ಲಿಯೂ ಬೆಂಗಳೂರಿನಲ್ಲಿಯೂ ಪ್ರಕಟವಾಯಿತು. ಆಸ್ತಿ ನೋಂದಣಿ ಮಾಡಿಸಿಕೊಂಡ ಅನೇಕರ ಖಾತೆಗಳಿಂದ, ಅವರು ಯಾರಿಗೂ ಏನನ್ನೂ ಹೇಳದಿದ್ದರೂ, ಹಣ ಹೋಗತೊಡಗಿತು. ಹಲವರಿಗೆ ಹೋದುದು ಹತ್ತು ಸಾವಿರ ರೂಪಾಯಿಗಳ ಕಂತುಗಳಲ್ಲಿ. ನೋಂದಣಿ ಇಲಾಖೆಯ ‘ಕಾವೇರಿ’ ಜಾಲತಾಣದಿಂದ ಪತ್ರಗಳನ್ನು ಇಳಿಸಿಕೊಂಡು, ಅವುಗಳಲ್ಲಿದ್ದ ಆಧಾರ್ ಸಂಖ್ಯೆ ಹಾಗೂ ಬೆರಳಚ್ಚನ್ನು ನಕಲು ಮಾಡಿ ಹಣವನ್ನು ತೆಗೆಯಲಾಗಿತ್ತೆಂದು ಪೊಲೀಸರು ತಿಳಿಸಿದರು. ಆ ವರ್ಷದ ಅಕ್ಟೋಬರಿನಲ್ಲಿ ಬಿಹಾರ ಮೂಲದ ಕೆಲವರನ್ನು ಮಂಗಳೂರು ಪೊಲೀಸರು ಬಂಧಿಸಿದರು. ಬಳಿಕ ಜಾಲತಾಣದ ಪತ್ರಗಳಲ್ಲಿ ಆಧಾರ್ ಸಂಖ್ಯೆಯನ್ನೂ ಬೆರಳಚ್ಚನ್ನೂ ಮರೆಮಾಡುವ ಕ್ರಮವನ್ನು ಸರ್ಕಾರ ಕೈಕೊಂಡಿತು. (ನಮ್ಮ ಜಿಲ್ಲೆಯ ತಲಕಾವೇರಿಯಲ್ಲಿ ಹುಟ್ಟುವ ನದಿಯ ಹೆಸರನ್ನೇ ಆ ತಂತ್ರಾಂಶಕ್ಕೆ ಇಟ್ಟಿದ್ದಾರೆ, ಎಲ್ಲೆಡೆಗೂ ಹರಿಯುವ ಗುಣ ಹೆಸರಿನೊಡನೆ ಬಂದಿತೋ ಏನೋ.)

ಈ ಜನರು ಮುಚ್ಚಿಡಬೇಕಾದ ಯಾವ ತಪ್ಪನ್ನೂ ಮಾಡಿರಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಅವರು ಮಾಡಿದುದು ಕಾಯಿದೆಯು ಹೇಳಿದಂತೆ ಉಪನೋಂದಣಾಧಿಕಾರಿಯ ಮುಂದೆ ಬೆರಳೊತ್ತಿದ್ದು ಮಾತ್ರ. ಗುಪ್ತಸಂಖ್ಯೆ ಬಯಲಾದರೆ ಬೇರೊಂದನ್ನು ಇಟ್ಟುಕೊಳ್ಳಬಹುದು. ಬೀಗ ಕೆಟ್ಟರೆ ಬೀಗವನ್ನೇ ಬದಲಿಸಬಹುದು. ಮನುಷ್ಯನಿಗಿರುವುದು ಹತ್ತೇ ಬೆರಳು. ಒಮ್ಮೆ ಪರರ ಕೈಸೇರಿದ ಬೆರಳಚ್ಚು ಆಯುಷ್ಯಪೂರ್ತಿ ಅವರ ಕೈಯಲ್ಲಿಯೇ ಉಳಿಯುತ್ತದೆ.

ಕೊಡಗಿನ ದೃಷ್ಟಿಯಿಂದ ಇದಕ್ಕೆ ಇನ್ನೊಂದು ಮುಖವೂ ಇದೆ. ಕಾಫಿ ಕುಯ್ಯುವುದು, ಕರಿಮೆಣಸು ಬಿಡಿಸುವುದು, ಕಳೆ ತೆಗೆಯುವುದು, ಗುಂಡಿ ತೋಡುವುದು, ಮಳೆಗಾಲವಿಡೀ ಒದ್ದೆ ಮಣ್ಣಿನಲ್ಲಿ ಕೈಯಾಡಿಸುವುದು ಇವುಗಳಿಂದ ಬೆರಳ ತುದಿಯ ಗೆರೆಗಳು ಸವೆಯುತ್ತವೆ. ವಯಸ್ಸಾದಂತೆ ಅವು ಇನ್ನಷ್ಟು ಮಸುಕಾಗುತ್ತವೆ. ನ್ಯಾಯಬೆಲೆ ಅಂಗಡಿಯ ಯಂತ್ರವು ಅಂಥ ಬೆರಳನ್ನು ಒಪ್ಪದಿದ್ದರೆ, ಒರೆಸಿ ಮತ್ತೆ ಇಡು, ಬೇರೆ ಬೆರಳಿಡು, ನಾಳೆ ಬಾ ಎಂದಾಗುತ್ತದೆ. ನಾಳೆ ಬರುವುದೆಂದರೆ ಒಂದು ದಿನದ ಕೂಲಿಯನ್ನು ಬಿಡುವುದು. ಮೊಬೈಲಿಗೆ ಸಂಖ್ಯೆಯನ್ನು ಕಳುಹಿಸುವ ಪರ್ಯಾಯವಿದ್ದರೂ ಕಾಡಿನಂಚಿನ ಹಾಡಿಗಳಲ್ಲಿ ಸಂಕೇತವು ಸಿಗುವ ಭರವಸೆಯಿಲ್ಲ. ಹೀಗೆ ಒಂದೇ ತತ್ತ್ವದ ಮೇಲೆ ಕೆಲಸ ಮಾಡುವ ಯಂತ್ರವು ಒಂದು ಕಡೆ ಜೀವಂತವಾದ ಕೈಯನ್ನು ಅದರ ಒಡೆಯನದೆಂದು ನಂಬುವುದಿಲ್ಲ; ಇನ್ನೊಂದು ಕಡೆ ಸಿಲಿಕೋನಿನ ಪೊರೆಯನ್ನು ನಂಬಿ ಹಣ ಕೊಡುತ್ತದೆ. ಬೆರಳು ಜೀವಂತವೋ ಅಲ್ಲವೋ ಎಂದು ಪರೀಕ್ಷಿಸುವ ಹೊಸ ವಿಧಾನವನ್ನು ಆಧಾರ್ ಪ್ರಾಧಿಕಾರವು 2023ರಲ್ಲಿ ಜಾರಿಗೆ ತಂದುದು ಸರಿಯಾದ ಹೆಜ್ಜೆ. ಆದರೆ ಪರೀಕ್ಷೆ ಬಿಗಿಯಾದಷ್ಟೂ ಸವೆದ ಬೆರಳಿನವರಿಗೆ ತೊಡಕು ಹೆಚ್ಚಬಾರದಲ್ಲವೆ?

ಗಣಕದ ದಾಖಲೆಗಳೇ ಬೇಡವೆಂಬುದು ನಮ್ಮ ವಾದವಲ್ಲ. 2018ರ ಆಗಸ್ಟಿನ ಭೂಕುಸಿತದಲ್ಲಿ ಮನೆಯೊಡನೆ ಕಾಗದಪತ್ರಗಳೂ ಮಣ್ಣುಪಾಲಾದಾಗ, ಕಚೇರಿಯಲ್ಲಿ ಪ್ರತಿಯುಳಿದ ದಾಖಲೆಯ ಬೆಲೆ ಏನೆಂಬುದನ್ನು ಈ ಜಿಲ್ಲೆ ಕಂಡಿದೆ. ದಾಖಲೆ ಇರಬೇಕು; ಅದರಲ್ಲಿ ಬೀಗದ ಕೈ ಇರಬಾರದು.

ಕಾನೂನಿನ ಕಡೆಯಿಂದ ಎರಡು ಮಾತು ಸಾಕು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಹೂಡಿದ ಅರ್ಜಿಯಿಂದ ಹುಟ್ಟಿದ ಪ್ರಶ್ನೆಗೆ, ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಒಮ್ಮತದಿಂದ ಉತ್ತರವಿತ್ತು, ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿತು. ವೈಯಕ್ತಿಕ ದತ್ತಾಂಶದ ರಕ್ಷಣೆಗೆ 2023ರಲ್ಲಿ ಕಾಯಿದೆಯೂ ಬಂದಿತು. ಕಾಯಿದೆಯು ಒಪ್ಪಿಗೆಗೆ ಬಹಳ ಬೆಲೆ ಕೊಡುತ್ತದೆ. ಆದರೆ ನೋಂದಣಿ ಕಚೇರಿಯಲ್ಲಿ ಬೆರಳೊತ್ತುವವನಿಗೆ ಒಪ್ಪದಿರುವ ಆಯ್ಕೆಯೇ ಇರುವುದಿಲ್ಲ.

ಇನ್ನು ಮಾಡಬಹುದಾದ ಕಾರ್ಯಗಳು. ಹಣ ಹೋದುದು ತಿಳಿದೊಡನೆ 1930 ಸಂಖ್ಯೆಗೆ ಕರೆ ಮಾಡಿ ಬ್ಯಾಂಕಿಗೂ ಲಿಖಿತ ದೂರು ಕೊಡಬೇಕು. ಗ್ರಾಹಕನದೂ ಬ್ಯಾಂಕಿನದೂ ಅಲ್ಲದ ಲೋಪದಿಂದ ಹಣ ಹೋಗಿದ್ದು, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟವು ಗ್ರಾಹಕನದಲ್ಲವೆಂದು ರಿಸರ್ವ್ ಬ್ಯಾಂಕು 2017ರ ಜುಲೈ 6ರ ಸುತ್ತೋಲೆಯಲ್ಲಿ ವಿಧಿಸಿತು. ಎಲ್ಲಕ್ಕಿಂತ ಮೊದಲು, ಆಧಾರಿನ ಬೆರಳಚ್ಚಿಗೆ ಬೀಗ ಹಾಕುವ ಸೌಲಭ್ಯವನ್ನು ಪ್ರಾಧಿಕಾರದ ಜಾಲತಾಣದಲ್ಲಿ ಅಥವಾ ಮೊಬೈಲಿನಲ್ಲಿ ಉಚಿತವಾಗಿ ಪಡೆಯಬಹುದು. ಬೀಗ ಹಾಕಿದ ಬಳಿಕ ನಕಲಿ ಬೆರಳಿಗೆ ಹಣ ದೊರೆಯದು. ನಮ್ಮ ವಿದ್ಯಾರ್ಥಿಗಳು ಮನೆಯ ಹಿರಿಯರಿಗೆ ಇದನ್ನು ಹತ್ತು ನಿಮಿಷಗಳಲ್ಲಿ ಮಾಡಿಕೊಡಬಲ್ಲರು.

ಆದರೆ ಬೀಗ ಬಿದ್ದಿರುವಾಗ ಸ್ವಂತ ಬೆರಳನ್ನೂ ಯಂತ್ರ ಒಪ್ಪುವುದಿಲ್ಲ. ಬೆರಳೊತ್ತಿ ಪಡಿತರ ತರುವವರು ಪ್ರತಿಸಲವೂ ಅದನ್ನು ತಾತ್ಕಾಲಿಕವಾಗಿ ತೆರೆಯಬೇಕು. ತೆರೆಯಲು ಆಧಾರಿಗೆ ಜೋಡಿಸಿದ ಮೊಬೈಲು ಕೈಯಲ್ಲಿರಬೇಕು. ಇಡೀ ಲೈನಿಗೆ ಎರಡೋ ಮೂರೋ ಮೊಬೈಲುಗಳಿದ್ದು, ನೋಂದಾಯಿಸಿದ ಸಂಖ್ಯೆಯು ಎಂದೋ ನಿಂತುಹೋಗಿರುವಲ್ಲಿ, ಬೀಗವನ್ನು ಹಾಕುವ ಬಗೆಯೂ ಇಲ್ಲ, ತೆರೆಯುವ ಬಗೆಯೂ ಇಲ್ಲ.