ನರ ಬಿಡಿಸಿದ ಮೇಲೆ ನಡದ ಗತಿಯೇನು?

ಹುಬ್ಬಳ್ಳಿಯ ಅಮರಗೋಳ ಎ.ಪಿ.ಎಂ.ಸಿ.ಯಲ್ಲಿ ಚೀಲ ಹೊರುವ ಹಮಾಲರಿಗೆ 'ನಡ ಹಿಡೀತು' ಎಂಬ ಮಾತು ಹೊಸದಲ್ಲ. ನಡದಲ್ಲಿ ಐದು ಕಶೇರುಮಣಿಗಳಿವೆ. ಭಾರದ ಬಹುಪಾಲನ್ನು ಈ ಮಣಿಗಳೂ ಅವುಗಳ ನಡುವಿನ ಡಿಸ್ಕ್ ಎಂಬ ಮೆತ್ತೆಯೂ ಹೊರುತ್ತವೆ. ಹಿಂಬದಿಯ ಜೋಡಿ ಕೀಲುಗಳು ಮಣಿ ಮುಂದೆ ಜಾರದಂತೆ, ಅತಿಯಾಗಿ ತಿರುಚದಂತೆ ತಡೆಯುತ್ತವೆ. ವಯಸ್ಸಾದಂತೆ ಮೆತ್ತೆ ಉಬ್ಬಿ, ಕೀಲು ದಪ್ಪಗಾಗಿ ನರದ ದಾರಿ ಇಕ್ಕಟ್ಟಾಗುತ್ತದೆ. ಸ್ವಲ್ಪ ನಡೆದರೂ ಕಾಲು ಜೋಮು. ಮುಂದೆ ಬಾಗಿ ಕುಳಿತರೆ ಹಾಯೆನಿಸುತ್ತದೆ.

ಔಷಧ, ವ್ಯಾಯಾಮಗಳಿಗೆ ಬಗ್ಗದಿದ್ದರೆ ಶಸ್ತ್ರವೈದ್ಯರು ಹಿಂಬದಿಯ ಎಲುಬು ತೆಗೆದು ನರಕ್ಕೆ ಜಾಗ ಮಾಡುತ್ತಾರೆ. ಹೆಚ್ಚಿನವರಿಗೆ ಕಾಲುನೋವು ಇಳಿಯುತ್ತದೆ. ಆದರೆ ಗೋಡೆ ಒಡೆದು ಬಾಗಿಲು ಅಗಲ ಮಾಡುವಾಗ ತೊಲೆಯ ಕಡೆ ಕಣ್ಣಿಡಬೇಕಲ್ಲವೇ? ಕೀಲಿನ ಅರ್ಧಕ್ಕಿಂತ ಹೆಚ್ಚು ಹೋದರೆ ಮಣಿ ಸಡಿಲಗೊಂಡು ಜಾರಬಹುದು. ಅದಕ್ಕೇ ಇಂದು ಕೀಲು, ಸ್ನಾಯುಗಳನ್ನು ಉಳಿಸಿ ಬೇಕಾದಷ್ಟೇ ಕೊರೆಯುವ ರೂಢಿ.

ಹಾಗಾದರೆ ಎಲ್ಲರಿಗೂ ಸ್ಕ್ರೂ ಹಾಕಿ ಮಣಿ ಬೆಸೆಯಬೇಕೇ? 2016ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನದಲ್ಲಿ ಬೆಸುಗೆಯಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಮಣಿ ತೀರಾ ಸಡಿಲವಿದ್ದವರ ಮಾತು ಬೇರೆ.

ಆಪರೇಶನ್ನಿಗೆ ಒಪ್ಪುವ ಮುನ್ನ ವೈದ್ಯರನ್ನು ಕೇಳಿ: ಕೀಲು ಎಷ್ಟು ಉಳಿಯುತ್ತದೆ? ಮತ್ತೆ ಚೀಲ ಹೊರುವುದು ಯಾವಾಗ? ಮೂತ್ರದ ಹಿಡಿತ ತಪ್ಪಿದ್ದರೆ ಮಾತ್ರ ತಡ ಸಲ್ಲದು. ಅಂದೇ ಆಸ್ಪತ್ರೆ ಸೇರಬೇಕು.