ಪಾಲಿಥೀನ್ ಪಾತ್ರೆಗಳ ಬಿರುಕು: ಅದರ ಕಾರಣವೂ ನಿವಾರಣೆಯೂ

ರೋಣ, ನರಗುಂದ, ಗಜೇಂದ್ರಗಡ ಈ ಮೂರು ತಾಲ್ಲೂಕುಗಳ ಎರೆಯ ಸೀಮೆಯಲ್ಲಿ ಪೂರ್ವದಲ್ಲಿ ಜೋಳವು ಹಗೇವಿನಲ್ಲಿಯೂ ಎಣ್ಣೆಯು ತೊಗಲಿನ ಬುದ್ದಲಿಯಲ್ಲಿಯೂ ಇರುತ್ತಿದ್ದವು. ಎಣ್ಣೆಯನ್ನು ತುಂಬುವ ತೊಗಲಿನ ಪಾತ್ರೆಗೆ ‘ಕುತೂ’ ಎಂದೂ, ಅದರಲ್ಲಿ ಚಿಕ್ಕದಕ್ಕೆ ‘ಕುತುಪ’ ಎಂದೂ ಅಮರಸಿಂಹನು ತನ್ನ ಕೋಶದಲ್ಲಿ ಹೇಳಿರುವನು. ಇಂದಾದರೋ ಹೆಸರುಕಾಳು ಕಡಲೆಗಳ ಬೀಜ, ಅಡಿಗೆಯ ಎಣ್ಣೆ, ಬೆಳೆಗೆ ಸಿಂಪಡಿಸುವ ವಿಷದ್ರವ್ಯ, ಇವೆಲ್ಲವೂ ಬಹುಮಟ್ಟಿಗೆ ಪಾಲಿಥೀನಿನ ಚೀಲ ಡಬ್ಬಿಗಳನ್ನೇ ಆಶ್ರಯಿಸಿವೆ. ಬುದ್ದಲಿಯು ಸೀಳಿದರೆ ಎಣ್ಣೆ ಮಾತ್ರ ನಷ್ಟವಾಗುತ್ತಿದ್ದಿತು. ವಿಷದ ಡಬ್ಬಿಯು ಸೀಳಿದರೆ ಪಕ್ಕದಲ್ಲಿಟ್ಟ ಕಾಳೂ ದನದ ಮೇವೂ ಕೆಡುವುವಲ್ಲದೆ ಮಕ್ಕಳ ಪ್ರಾಣಕ್ಕೂ ಅಪಾಯವುಂಟು. ಆದಕಾರಣ ಈ ಬಿರುಕಿನ ಕಾರಣವನ್ನು ವಿಚಾರಿಸುವುದು ಅವಶ್ಯಕವಾಗಿದೆ.

ಈ ದ್ರವ್ಯದ ಚರಿತ್ರೆಯು ಸಂಕ್ಷೇಪವಾಗಿ ಇಷ್ಟು. ಇಂಗ್ಲೆಂಡಿನ ಇಂಪೀರಿಯಲ್ ಕೆಮಿಕಲ್ ಇಂಡಸ್ಟ್ರೀಸ್ ಎಂಬ ಸಂಸ್ಥೆಯಲ್ಲಿ ಗಿಬ್ಸನ್ ಮತ್ತು ಫಾಸೆಟ್ ಎಂಬ ವಿಜ್ಞಾನಿಗಳು ೧೯೩೩ರಲ್ಲಿ ಎಥಿಲೀನ್ ಎಂಬ ಅನಿಲವನ್ನು ಅತ್ಯಧಿಕವಾದ ಒತ್ತಡಕ್ಕೆ ಗುರಿಮಾಡಿದಾಗ ಮೇಣದಂಥ ಬಿಳಿಯ ಪದಾರ್ಥವೊಂದು ದೊರೆಯಿತು. ಅದೇ ಮೃದುವಾದ ಪಾಲಿಥೀನು. ೧೯೫೩ರಲ್ಲಿ ಜರ್ಮನಿಯ ಕಾರ್ಲ್ ಜೀಗ್ಲರನು ಅಲ್ಪವಾದ ಒತ್ತಡದಲ್ಲಿಯೇ ಇದನ್ನು ತಯಾರಿಸುವ ಮಾರ್ಗವನ್ನು ಕಂಡುಹಿಡಿದನು; ಡಬ್ಬಿಗಳಿಗೆ ಉಪಯೋಗಿಸುವ ಸಾಂದ್ರವಾದ, ಗಡಸಾದ ಜಾತಿಯು ಇದರಿಂದ ಬಳಕೆಗೆ ಬಂದಿತು.

ಇನ್ನು ಬಿರುಕಿನ ವಿಚಾರ. ಡಬ್ಬಿಯು ಬಿಸಿಲಿನಿಂದಲೇ ಸೀಳುವುದೆಂದು ಲೋಕದಲ್ಲಿ ಹೇಳುವುದುಂಟು. ಇದು ಅರ್ಧ ಮಾತ್ರ ಸತ್ಯ. ಬಿಸಿಲು ಹಾಗೂ ಗಾಳಿಯಲ್ಲಿನ ಆಮ್ಲಜನಕ ಇವೆರಡೂ ಕೂಡಿ ಪಾಲಿಥೀನಿನ ಉದ್ದವಾದ ಅಣುಸರಪಣಿಗಳನ್ನು ಕತ್ತರಿಸುವುವೆಂಬುದು ನಿಜವೇ. ಹಾಗೆ ಕೆಟ್ಟ ಪಾತ್ರೆಯ ಬಣ್ಣವು ಮಾಸಿ, ಮೈಯೆಲ್ಲ ಸಣ್ಣ ಸಣ್ಣ ಗೆರೆಗಳಾಗಿ, ಮುಟ್ಟಿದರೆ ಪುಡಿಯಾಗುವುದು. ಆದರೆ ನೆರಳಿನಲ್ಲಿಟ್ಟ ಹೊಸ ಡಬ್ಬಿಯೂ ಕೆಲವೊಮ್ಮೆ ತಳದ ಮೂಲೆಯಲ್ಲಿ ಒಂದೇ ಗೆರೆಯಾಗಿ ಸೀಳುವುದುಂಟು. ಇದಕ್ಕೆ ಬೇರೆ ಕಾರಣವನ್ನು ಹುಡುಕಬೇಕು.

ಅನ್ವಯ ವ್ಯತಿರೇಕಗಳಿಂದ ಇದನ್ನು ನಿರ್ಣಯಿಸಬಹುದು. ಪಾಲಿಥೀನಿನ ಪಟ್ಟಿಯನ್ನು ಬಾಗಿಸದೆ ಸಾಬೂನಿನ ಜಾತಿಯ ದ್ರವದಲ್ಲಿ ಮುಳುಗಿಸಿದರೆ ಅದು ಸೀಳುವುದಿಲ್ಲ. ಬಾಗಿಸಿ ಬರಿಯ ಗಾಳಿಯಲ್ಲಿಟ್ಟರೆ ಬಹುಕಾಲ ನಿಲ್ಲುವುದು. ಬಾಗಿಸಿ ಅದೇ ದ್ರವದಲ್ಲಿಟ್ಟರೆ ಮಾತ್ರ ಬೇಗನೆ ಸೀಳುವುದು. ಆದಕಾರಣ ಬಿಗುವು, ದ್ರವಸಂಪರ್ಕ, ಕಾಲ ಈ ಮೂರರ ಸಮುದಾಯವೇ ಕಾರಣವೆಂದು ಸಿದ್ಧವಾಗುತ್ತದೆ. ಅಮೆರಿಕದ ಬೆಲ್ ಪ್ರಯೋಗಾಲಯದವರು ಟೆಲಿಫೋನ್ ತಂತಿಗಳ ಹೊದಿಕೆಗಾಗಿ ರೂಪಿಸಿದ ಪರೀಕ್ಷೆಯ ಕ್ರಮವೂ ಇದೇ. ಹತ್ತು ಪಟ್ಟಿಗಳಿಗೆ ಕಚ್ಚುಮಾಡಿ, ಬಾಗಿಸಿ, ಸಾಮಾನ್ಯವಾಗಿ ೫೦ ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯ ದ್ರವದಲ್ಲಿ ಮುಳುಗಿಸಿ, ಅರ್ಧದಷ್ಟು ಪಟ್ಟಿಗಳು ಸೀಳುವುದಕ್ಕೆ ಹಿಡಿಯುವ ಕಾಲವನ್ನು ಎಣಿಸುತ್ತಾರೆ. ನೀರಿನೊಡನೆ ಬೆರೆಯಬೇಕಾದ ಎಣ್ಣೆರೂಪದ ಕೀಟನಾಶಕಗಳಲ್ಲಿಯೂ ಸಾಬೂನಿನಂಥ ದ್ರವ್ಯವನ್ನು ಸೇರಿಸಿರುತ್ತಾರೆ. ಆದುದರಿಂದಲೇ ಅವುಗಳ ಡಬ್ಬಿಗಳಿಗೆ ಈ ಭಯವು ಹೆಚ್ಚು.

ಒಳಗೆ ನಡೆಯುವ ವ್ಯಾಪಾರವು ಹೇಗೆಂದರೆ, ಪಾಲಿಥೀನಿನಲ್ಲಿ ಕೆಲವು ಭಾಗಗಳು ಸ್ಫಟಿಕದಂತೆ ಒತ್ತಾಗಿ ಜೋಡಿಸಲ್ಪಟ್ಟಿರುವುವು. ನಡುವಣ ಭಾಗಗಳು ಸಡಿಲವಾಗಿ ತೊಡರಿಕೊಂಡಿರುವುವು. ಒಂದು ಸ್ಫಟಿಕದಿಂದ ಇನ್ನೊಂದಕ್ಕೆ ಹಾಯ್ದಿರುವ ಸೇತುವೆಯಂಥ ಎಳೆಗಳೇ ಇಡಿಯ ಪದಾರ್ಥವನ್ನು ಹಿಡಿದು ನಿಲ್ಲಿಸುವುವು. ಸಾಬೂನಿನ ದ್ರವವು ಪಾಲಿಥೀನನ್ನು ಕರಗಿಸುವುದಿಲ್ಲ. ಸಡಿಲವಾದ ಭಾಗವನ್ನು ಹೊಕ್ಕು, ಬಿಗುವಿಗೆ ಒಳಗಾದ ಎಳೆಗಳು ಜಾರಿ ಕಳಚಿಕೊಳ್ಳುವುದಕ್ಕೆ ಅನುಕೂಲ ಮಾಡಿಕೊಡುತ್ತದೆ. ಗಜೇಂದ್ರಗಡದ ನೇಕಾರರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗಿಡ್ಡ ಎಳೆಯ ಹತ್ತಿಯ ನೂಲು ಜಗ್ಗಿದರೆ ಜಾರಿ ಬಿಚ್ಚುವುದು, ಉದ್ದ ಎಳೆಯ ಹತ್ತಿಯ ನೂಲು ತಡೆಯುವುದು.

ನಿವಾರಣೋಪಾಯಗಳೂ ಇದರಿಂದಲೇ ಸ್ಪಷ್ಟವಾಗುತ್ತವೆ. ಮೊದಲನೆಯದು, ಅಣುಸರಪಣಿಗಳನ್ನು ಉದ್ದಮಾಡುವುದು. ಎರಡನೆಯದು, ಬ್ಯೂಟೀನ್, ಹೆಕ್ಸೀನ್ ಮೊದಲಾದವುಗಳನ್ನು ಅಲ್ಪವಾಗಿ ಸೇರಿಸಿ ಸರಪಣಿಗೆ ಚಿಕ್ಕ ಕವಲುಗಳನ್ನು ಬರಿಸುವುದು. ಇದರಿಂದ ಸ್ಫಟಿಕಭಾಗವು ತಗ್ಗಿ ಸೇತುವೆಯ ಎಳೆಗಳು ಹೆಚ್ಚುವುವು. ಗಡಸುತನವೂ ಬಾಳಿಕೆಯೂ ಒಂದೇ ಅಲ್ಲವೆಂಬುದನ್ನು ಇಲ್ಲಿ ಗಮನಿಸತಕ್ಕದ್ದು. ಬಹಳ ಗಡಸಾದುದೇ ಅನೇಕವೇಳೆ ಮೊದಲು ಸೀಳುವುದು. ಮೂರನೆಯದು, ಮೂಲೆಗಳನ್ನು ದುಂಡಾಗಿಸಿ, ಅಚ್ಚಿನಲ್ಲಿ ಬಿಗುವು ಉಳಿಯದಂತೆ ತಯಾರಿಸುವುದು. ಬಿಸಿಲಿನ ಬಾಧೆಗೆ ಉಪಾಯವು ಬೇರೆ. ನೂರಕ್ಕೆ ಎರಡರಷ್ಟು ನುಣ್ಣನೆಯ ಕಾಡಿಗೆಯನ್ನೂ ಆಮ್ಲಜನಕದ ಕ್ರಿಯೆಯನ್ನು ತಡೆಯುವ ದ್ರವ್ಯಗಳನ್ನೂ ಬೆರಸಿದರೆ ಪಾಲಿಥೀನು ಹೊರಗೆ ಅನೇಕ ವರ್ಷ ಬಾಳುವುದು.

ಇಲ್ಲಿ ಒಂದು ಪೂರ್ವಪಕ್ಷವುಂಟು. ದಪ್ಪ ಮಾಡಿದರೆ ಸಾಲದೆ? ಕೈಚೀಲಗಳ ದಪ್ಪವು ೧೨೦ ಮೈಕ್ರಾನಿಗೆ ಕಡಿಮೆಯಿರಬಾರದೆಂದು ಕೇಂದ್ರಸರ್ಕಾರದವರು ೨೦೨೨ರ ಡಿಸೆಂಬರ್ ೩೧ರಿಂದ ವಿಧಿಸಿಲ್ಲವೆ? ಎಂದರೆ, ಆ ವಿಧಿಯು ಕಸವನ್ನು ಕಡಿಮೆಮಾಡಿ ಚೀಲವನ್ನು ಮತ್ತೆ ಮತ್ತೆ ಬಳಸುವುದಕ್ಕಾಗಿ ಹುಟ್ಟಿದುದು. ಭಾರವನ್ನು ಹೊರುವುದರಲ್ಲಿ ದಪ್ಪವು ಗುಣವೇ. ಆದರೆ ಒಂದೇ ಬಾಗಿನಲ್ಲಿ ದಪ್ಪನಾದ ಹಾಳೆಯ ಹೊರಮೈ ತೆಳುವಾದುದಕ್ಕಿಂತ ಹೆಚ್ಚು ಹಿಗ್ಗುವುದು. ಆದುದರಿಂದ ಮಡಿಕೆಯ ಬಿರುಕಿಗೆ ದಪ್ಪವೊಂದೇ ಔಷಧವಲ್ಲ.

ಒಕ್ಕಲಿಗರು ಆಚರಿಸತಕ್ಕ ಕ್ರಮಗಳು ಇವು. ಔಷಧದ ಡಬ್ಬಿಯ ಮೇಲೆ ಭಾರವನ್ನು ಹೇರಬಾರದು. ಅದನ್ನು ನೆರಳಿನಲ್ಲಿ, ಕಾಳುಕಡಿಯಿಂದ ದೂರವಾಗಿ, ಬೀಗವುಳ್ಳ ಸ್ಥಳದಲ್ಲಿ ಇಡತಕ್ಕದ್ದು. ತಳದ ಅಂಚನ್ನು ಆಗಾಗ್ಗೆ ಪರೀಕ್ಷಿಸಬೇಕು. ಒಂದರ ಔಷಧವನ್ನು ಎಣ್ಣೆಯ ಅಥವಾ ನೀರಿನ ಡಬ್ಬಿಗೆ ಸುರಿಯಬಾರದು. ಬರಿದಾದ ವಿಷದ ಡಬ್ಬಿಯಲ್ಲಿ ಕುಡಿಯುವ ನೀರನ್ನು ಎಂದಿಗೂ ತುಂಬಬಾರದು. ಹೆಸರು ಕಡಲೆಗಳಿಗೆ ಹುಳು ಹತ್ತದಂತೆ ಗಾಳಿಯಾಡದ ಪಾಲಿಥೀನ್ ಚೀಲಗಳು ಬಂದಿವೆ. ಒಳಗಣ ಹುಳುಗಳು ಆಮ್ಲಜನಕವನ್ನು ತೀರಿಸಿ ತಾವೇ ಅಡಗುವುದು ಅವುಗಳ ತತ್ತ್ವ. ಮಡಿಕೆಯಲ್ಲಿ ಸಣ್ಣ ಸೀಳು ಬಿದ್ದು ಗಾಳಿ ನುಗ್ಗಿದರೂ ಆ ಫಲವು ಕೆಡುವುದು. ಆದುದರಿಂದ ಇಂಥ ಚೀಲವನ್ನು ಗೋಣಿಯೊಳಗಿರಿಸಿ, ಎಳೆದಾಡದೆ ಎತ್ತಿಡಬೇಕು.

ಹಗೇವನ್ನು ತೆಗೆಯುವ ಮೊದಲು ಹಿರಿಯರು ನೆಲದ ಗುಣವನ್ನು ನೋಡುತ್ತಿದ್ದರು. ಪಾಲಿಥೀನಿನ ಪಾತ್ರೆಯನ್ನು ಕೊಳ್ಳುವವರೂ ಅದರ ಬಣ್ಣ ದಪ್ಪಗಳನ್ನು ಮಾತ್ರವಲ್ಲದೆ, ಅದರಲ್ಲಿ ಏನನ್ನು ತುಂಬುವೆವು, ಎಲ್ಲಿ ಇಡುವೆವು, ಎಷ್ಟು ಕಾಲ ಇಡುವೆವು ಎಂಬ ಮೂರನ್ನೂ ಮೊದಲೇ ಆಲೋಚಿಸುವುದು ಯುಕ್ತವು.